ತೆಂಗಿನಗುಂಡಿ ಅಳಿವೆಯ ನಕ್ಷೆ

ತೆಂಗಿನಗುಂಡಿ
೨೦ ಜುಲೈ ೨೦೨೫, ಭಾನುವಾರ

ಪ್ರೀತಿಯ ಧನ್ಯಾಳ ಅಪ್ಪನಿಗೆ,

ವಿನುತಾಳ ನಮಸ್ಕಾರ. ಹೇಗಿದ್ದೀರಿ? ಹಗ್ಗ ಉಜ್ಜಿ ಅಂಗೈ ಒಡೆದಿದೆ ಎಂದು ಹೋಳಿಯ ಹೊತ್ತಿಗೆ ಯಾರೋ ಹೇಳಿದ್ದರು, ಈಗ ವಾಸಿಯಾಯಿತೇ? ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ನೀವು ಹಚ್ಚಿಕೊಳ್ಳುವವರಲ್ಲ ಎಂದು ಗೊತ್ತು, ಆದರೂ ಬರೆಯುತ್ತೇನೆ. ರತ್ನಾಗಿರಿಯಲ್ಲೂ ಮಳೆ ಜೋರಂತೆ. ಇಲ್ಲಿ ನಾನು, ಮಗಳು ಆರಾಮ. ಧನ್ಯಾ ಈ ಸಲ ಒಂದನೇ ತರಗತಿ. ಮುಂದಿನ ಎರಡು ಹಲ್ಲು ಬಿದ್ದು, ನಿಮ್ಮ ಹೆಸರು ಹೇಳು ಎಂದರೆ ಶಂತೋಶ ಎನ್ನುತ್ತಾಳೆ. ಅಪ್ಪ ಎಂತ ಮಾಡ್ತಾರೆ ಎಂದು ಟೀಚರು ಕೇಳಿದ್ದಕ್ಕೆ, "ದೂರದ ದೋಣಿಯಲ್ಲಿ ಅವ್ರೆ, ಬರ್ತ್ರು" ಎಂದಳಂತೆ. ಎಷ್ಟು ದೂರ ಎಂದು ಕೇಳಿದಾಗ, ಕೈ ಎರಡೂ ಅಗಲಿಸಿ ತೋರಿಸಿದಳಂತೆ. ಅದನ್ನು ಟೀಚರೇ ನನಗೆ ಹೇಳಿ ನಕ್ಕರು. ನಾನೂ ನಕ್ಕೆ.

ಮೀನುಗಾರಿಕೆ ಬಂದ್ ಆಗಿರುವ ಈ ಎರಡು ತಿಂಗಳಲ್ಲಿ ಹೊರಗೆ ದುಡಿಯುವವರೆಲ್ಲ ಮನೆಗೆ ಬಂದರು. ನಿಮ್ಮ ಬೋಟಿನಲ್ಲೇ ಇರುವ ಹೊನ್ನಾವರದವರೂ ಬಂದರು. ಬಲೆ ಹೆಣೆಯುವ ಕೆಲಸವಿದೆ ಎಂದು ನೀವು ಈ ವರ್ಷವೂ ಅಲ್ಲೇ ಉಳಿದಿರಿ. ಹಳೆಯ ನಂಬರಿಗೆ ಹಚ್ಚಿದರೆ ಸ್ವಿಚ್ ಆಫ್. ತಿಂಗಳಿಗೊಮ್ಮೆ ಬೇರೆ ಯಾರದೋ ಫೋನಿನಿಂದ "ಆರಾಮಿದ್ದೇನೆ" ಎಂಬ ಒಂದು ಸಾಲು. ಆ ಫೋನಿಗೆ ನನ್ನ ಮನಸ್ಸಿನದನ್ನು ಬರೆಯುವುದು ಹೇಗೆ? ಹೊನ್ನಾವರದವರು ನಾಡಿದ್ದು ವಾಪಸು ಹೊರಡುತ್ತಾರಂತೆ. ಅದಕ್ಕೇ ಈ ಕಾಗದ, ಜೊತೆಗೆ ಒಣಶೆಟ್ಲಿ ಮೀನಿನ ಚಟ್ನಿಯ ಡಬ್ಬಿ. ಡಬ್ಬಿಯಡಿಗೆ ಮಡಿಸಿಟ್ಟ ಹಾಳೆಯನ್ನು ಮೊದಲು ಬಿಡಿಸಬೇಡಿ. ಇದನ್ನು ಓದಿದ ಮೇಲೆ ಬಿಡಿಸಿ.

ನೀವು ಹೋಗುವಾಗ ನಾನು ಭಟ್ಕಳದಲ್ಲಿ ಪ್ರಣಿತಕ್ಕನ ಡಿಟಿಪಿ ಅಂಗಡಿಗೆ ಬರೀ ಟೈಪು ಮಾಡಲು ಸೇರಿದ್ದೆನಲ್ಲ, ಈಗ ಮದುವೆ ಕಾಗದ, ಬ್ಯಾನರು ಎಲ್ಲ ಕಂಪ್ಯೂಟರಿನ ಕೋರಲ್‌ನಲ್ಲಿ ನಾನೇ ಮಾಡುತ್ತೇನೆ. ಜೂನ್ ಕೊನೆಗೆ ನಮ್ಮ ಬಂದರಿನ ಮೀನುಗಾರರ ಸಂಘದವರು ಅಂಗಡಿಗೆ ಬಂದರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳು ವರ್ಷವರ್ಷ ಜಾಗ ಬದಲಿಸುತ್ತದೆ, ಮುಂದೆ ಯಾರಿಗೂ ಹಾಗೆ ಆಗಬಾರದು, ದೋಣಿಯ ದಾರಿ ತೋರಿಸುವ ದೊಡ್ಡ ನಕ್ಷೆ ಬರೆದು ಜೆಟ್ಟಿಯ ಮೇಲೆ ಕಟ್ಟಬೇಕು ಎಂದರು. "ಹಾಗೆ" ಎಂದವರು ನನ್ನ ಮುಖ ನೋಡಿ ಪ್ರಣಿತಕ್ಕನ ಕಡೆ ತಿರುಗಿದರು. ಪ್ರಣಿತಕ್ಕ ಹತ್ತಿರ ಬಂದು, "ನಿಂಗೆ ಕಷ್ಟ ಆದ್ರೆ ಬೇಡ ವಿನುತಾ, ನಾನೇ ಮಾಡ್ತೆ" ಎಂದರು. ಬೇಡ ಎನ್ನುವುದಕ್ಕೇ ಬಾಯಿ ತೆರೆದಿದ್ದೆ. ಆದರೆ ಆ ನೀರನ್ನು ನೋಡದೇ ಎರಡು ವರ್ಷವಾಯಿತು ನನಗೆ. ಮನೆಯಿಂದ ನೂರು ಹೆಜ್ಜೆ ದೂರವಿದ್ದರೂ ಆ ಕಡೆ ತಲೆ ತಿರುಗಿಸದೆ ಬಸ್ಸಿಗೆ ಹೋಗುತ್ತೇನೆ. ಒಮ್ಮೆಯಾದರೂ ನೋಡಬೇಕು ಅನಿಸಿತು. ನಾನೇ ಮಾಡುತ್ತೇನೆ ಎಂದೆ.

ದಾರಿ ಹೇಳಿಕೊಡಲು ದಾಸಜ್ಜ ಬಂದರು. ನಿಮಗೆ ಹುಟ್ಟು ಹಿಡಿಯಲು ಕಲಿಸಿದ ಕೈ ಅವರದು, ಈಗ ನಡುಗುತ್ತದೆ. ಐದು ದಿನ ಬಸ್ಸು ಹತ್ತಿ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತರು. ಮೊದಲ ದಿನ ದಡ, ಬಂಡೆ, ಜೆಟ್ಟಿ ಆಯಿತು. ಎರಡನೆಯ ದಿನ ದಾರಿ ಎಳೆದೆ. ದಪ್ಪ ನೀಲಿ ಗೆರೆ, ಚೆನ್ನಾಗಿ ಕಾಣಲಿ ಎಂದು. ಅಜ್ಜ ಕನ್ನಡಕ ಏರಿಸಿ, "ಇಷ್ಟು ಗಟ್ಟಿ ಗೀಟು ಎಂತಕೆ? ಇದೆಂತ ಡಾಂಬರು ರಸ್ತೆಯಾ? ಈ ವರ್ಷ ಇಲ್ಲಿ ಅದೆ, ಬಪ್ಪ ವರ್ಷ ಎಲ್ಲೋ" ಎಂದು ಬೈದರು. ಹಾಗಾದರೆ ತುಂಡುಗೆರೆ ಮಾಡುವಾ ಎಂದು ಗೆರೆಯನ್ನು ಹಿಡಿದು ಔಟ್‌ಲೈನ್ ಪೆನ್ ತೆರೆದು ಒಂದೊಂದೇ ಬಗೆ ತೋರಿಸಿದೆ. ಚುಕ್ಕಿ ಚುಕ್ಕಿಯದು ಬೇಡ, ಇರುವೆ ಸಾಲಿನ ಹಾಗೆ ಕಾಣ್ತದೆ ಎಂದರು. ಉದ್ದ ತುಂಡು, ನಡುವೆ ಸಣ್ಣ ಖಾಲಿ, ಅದು ಅವರಿಗೆ ಹಿಡಿಸಿತು. ಬಂಡೆಯ ಹತ್ತಿರ ತಿರುವಿನಲ್ಲಿ ಆ ಖಾಲಿ ಜಾಗವೇ ಬಿದ್ದು ತಿರುವು ಕಾಣದೇ ಹೋಯಿತು. ಗೆರೆ ಸಪೂರ ಮಾಡಿ ತುಂಡುಗಳನ್ನು ಚಿಕ್ಕದು ಮಾಡಿ, ತಿರುವಿನ ಮೇಲೆ ಸರಿಯಾಗಿ ಒಂದು ತುಂಡು ಕೂರುವ ಹೊತ್ತಿಗೆ ಸಂಜೆಯ ಬಸ್ಸು ಬಂದಿತ್ತು.

ಮೂರನೆಯ ದಿನ ಬಾಣ. ನಾನು ಗೆರೆ ಶುರು ಮಾಡಿದ್ದು ಜೆಟ್ಟಿಯಿಂದ, ಮುಗಿಸಿದ್ದು ಸಮುದ್ರದಲ್ಲಿ. ಬಾಣದ ಮೂತಿಯೂ ಆಚೆ ಸಮುದ್ರದ ಕಡೆಗೇ ಬಿತ್ತು. ಮನೆಯಲ್ಲಿ ನಿಂತವಳಿಗೆ ದಾರಿ ಹಾಗೆಯೇ ತೋರುತ್ತದೆ, ಅಲ್ಲವೇ? ದಾಸಜ್ಜ ಬಹಳ ಹೊತ್ತು ನೋಡಿ, "ಹೋಗೂಕೆ ಯಾರಿಗೂ ದಾರಿ ತೋರ್ಸೂದು ಬೇಡ ಮಗಾ. ಬರೂಕೆ ಬೇಕು" ಎಂದರು. ಇಡೀ ಗೆರೆ ಅಳಿಸಿ ಮತ್ತೆ ಎಳೆಯಬೇಕೇನೋ ಎಂದು ನಾನು ಕೂತಿದ್ದೆ. ಪ್ರಣಿತಕ್ಕ ಬಂದು ಗೆರೆಯ ದಿಕ್ಕು ತಿರುಗಿಸುವುದು ತೋರಿಸಿಕೊಟ್ಟರು. ಒಂದೇ ಒತ್ತು, ಅಷ್ಟೆ. ಗೆರೆ ಇದ್ದಲ್ಲೇ ಇತ್ತು, ಬಾಣ ಮಾತ್ರ ಊರಿನ ಕಡೆ ತಿರುಗಿ ಜೆಟ್ಟಿಯ ಹತ್ತಿರ ಬಂದು ನಿಂತಿತು. ನಾನು ಮೌಸಿನಿಂದ ಕೈ ತೆಗೆದೆ. ದಾಸಜ್ಜ ಚಾ ಕುಡಿದು ಬರ್ತೆ ಎಂದು ಎದ್ದು ಹೋದರು. ಅವರಿಗೆ ಚಾ ಬೇಕಿರಲಿಲ್ಲ.

ಇನ್ನು ಹೇಳಲೇಬೇಕಾದ ಸುದ್ದಿ. ನಾಲ್ಕನೆಯ ದಿನ ಗಣಪನ ತಾಯಿ ನಾಗಮ್ಮತ್ತೆ ಅಂಗಡಿಗೆ ಬಂದರು. ಎರಡು ವರ್ಷದ ಹಿಂದಿನ ಆ ದಿನದಿಂದ ನಾನು ಅವರ ಎದುರಿಗೆ ಸರಿಯಾಗಿ ನಿಂತದ್ದೇ ಇಲ್ಲ. ನಿಮಗೆ ಎಲ್ಲ ನೆನಪಿದೆ, ನನಗೂ ಇದೆ. ನೀವು, ಗಣಪ ಇದ್ದ ದೋಣಿ ಮರಳು ತಾಗಿ ಮಗುಚಿದ್ದು, ನೀವು ಮೂರು ಸಲ ಮುಳುಗಿ ಹುಡುಕಿದ್ದು, ಗಣಪ ಮರುದಿನ ಉಸಿರಿಲ್ಲದೆ ಸಿಕ್ಕಿದ್ದು. ಇಂಜಿನ್ನು ಹಿಡಿದವರು ನೀವು. ನೀರು ಏರಿ ಭರತ ಬರುವವರೆಗೆ ಹೊರಗೇ ಕಾಯುವುದು ಬಿಟ್ಟು ಇಳಿತದಲ್ಲಿ ಒಳಗೆ ಬರುವ ಅವಸರ ಎಂತ ಇತ್ತು ಎಂದು ಊರೆಲ್ಲ ಕೇಳಿತು. ನೀವು ತಲೆ ತಗ್ಗಿಸಿ ನಿಂತಿರಿ, ಒಂದು ಮಾತೂ ಹೇಳಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಚೀಲ ಹಿಡಿದು ಹೊರಟಿರಿ.

ನಾಗಮ್ಮತ್ತೆ ಒಣಮೀನಿನ ಬುಟ್ಟಿ ಬಾಗಿಲಲ್ಲಿಟ್ಟು, ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ ಒಳಗೆ ಬಂದರು. "ನೀ ಅಳಿವೆ ಬರೀತೆ ಅಂದ್ರು. ನೋಡುವಾ ಅಂತ ಬಂದೆ" ಎಂದರು. ಸ್ಟೂಲು ಕೊಟ್ಟೆ, ಕೂರಲಿಲ್ಲ. ದಡ ಯಾವುದು, ಬಂಡೆ ಯಾವುದು, ತಮ್ಮ ಮನೆ ಎಲ್ಲಿ ಎಂದೆಲ್ಲ ಕೇಳಿದರು. ಕೊನೆಗೆ, "ನಮ್ಮ ಗಣಪ ಬಿದ್ದದ್ದು ಎಲ್ಲಿ?" ಎಂದರು. ಮೌಸು ಅಲ್ಲಿಗೆ ಒಯ್ದು ನಿಲ್ಲಿಸಿದೆ. ತುಂಡುಗೆರೆಯಿಂದ ಒಂದು ಬೆರಳಷ್ಟು ಬಡಗಕ್ಕೆ. ಅವರು ತೋರುಬೆರಳನ್ನು ಸ್ಕ್ರೀನಿನ ಮೇಲೆ ಅಲ್ಲೇ ಇಟ್ಟರು, ಎಷ್ಟೋ ಹೊತ್ತು ತೆಗೆಯಲಿಲ್ಲ. ಇಲ್ಲಿ ಒಂದು ಕೆಂಪು ಗುರುತು ಹಾಕಲೇ ಎಂದು ಕೇಳಿದೆ. "ಬೇಡ. ಹುಡುಗ್ರು ಹೆದರ್ತ್ರು. ದಾರಿ ಮಾತ್ರ ಬರಿ" ಎಂದರು. ಬುಟ್ಟಿ ಎತ್ತಿ ತಲೆಗೆ ಇಡುವಾಗ ನಾನು ಕೈಕೊಟ್ಟೆ. ಬೇಡ ಎನ್ನಲಿಲ್ಲ.

ನಕ್ಷೆ ಕುಮಟಾದಲ್ಲಿ ಫ್ಲೆಕ್ಸಾಗಿ ಬಂದಿದೆ. ಇದೇ ಮೂವತ್ತೊಂದಕ್ಕೆ ಜೆಟ್ಟಿಯ ಮೇಲೆ ಕಟ್ಟುತ್ತಾರೆ. ಅದಕ್ಕೆ ಮೊದಲು ತುಂಡುಗೆರೆಯ ಉದ್ದಕ್ಕೂ ಕೋಲು ಹಾಕಿ ಆಳ ನೋಡಬೇಕು, ಆ ತಿರುವಿನಲ್ಲಿ ಪಳಗಿದ ಕೈ ಬೇಕು ಎಂದು ದಾಸಜ್ಜ ದಿನಾ ಹೇಳುತ್ತಾರೆ. ಹೆಸರು ಹೇಳುವುದಿಲ್ಲ, ನನ್ನನ್ನು ನೋಡುತ್ತಾರೆ. ಡಬ್ಬಿಯಡಿಯ ಹಾಳೆ ಅದೇ ನಕ್ಷೆ, ಸಣ್ಣದು. ತಪ್ಪಿದ್ದರೆ ಪೆನ್ನಿನಲ್ಲಿ ತಿದ್ದಿ. ಅಂಗಡಿಯಲ್ಲಿ ಎಲ್ಲರೂ ಹೋದ ಮೇಲೆ ಒಮ್ಮೊಮ್ಮೆ ಅದನ್ನು ತೆರೆದು, ಇಷ್ಟು ಹೊತ್ತಿಗೆ ನೀವು ಊಟ ಮಾಡಿರುತ್ತೀರಾ, ಯಾರ ಪಕ್ಕ ಮಲಗುತ್ತೀರಿ ಎಂದೆಲ್ಲ ಯೋಚಿಸುತ್ತೇನೆ. ನಿಮ್ಮ ನೀಲಿ ಅಂಗಿಯನ್ನು ಇನ್ನೂ ತೊಳೆದಿಲ್ಲ. ತೊಳೆದರೆ ವಾಸನೆ ಹೋಗುತ್ತದೆ. ನಗಬೇಡಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ದಾಸಜ್ಜ ಆಶೀರ್ವಾದ ಹೇಳಿದ್ದಾರೆ. ಧನ್ಯಾ ಕೆಳಗೆ ಒಂದು ಮೀನು ಬರೆದಿದ್ದಾಳೆ, ಅದು ಮುತ್ತಂತೆ.

ನಿಮ್ಮದೇ
ವಿನುತಾ

ತಾ.ಕ.: ಇದನ್ನು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಬೆಳಿಗ್ಗೆ ಧನ್ಯಾಳ ಮೈ ಕೆಂಡವಾಗಿತ್ತು, ಕಣ್ಣು ಮೇಲೆ ಸಿಕ್ಕಿಸಿಕೊಂಡಿದ್ದಳು. ನಾನು ನಿಮಗೆ ಫೋನು ಹಚ್ಚಿ, ಎಲ್ಲಿದ್ದರೂ ಈಗಿಂದೀಗ ಬನ್ನಿ ಎಂದು ಅತ್ತೆ. ಭರತಕ್ಕೆ ಕಾಯದೆ ನೀವು ಬಂದದ್ದು ಅದಕ್ಕೆ. ಊರು ಕೇಳಿದಾಗ ನೀವು ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ, ಎರಡು ವರ್ಷ. ನಿನ್ನೆ ನಾಗಮ್ಮತ್ತೆಯ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಜಗುಲಿಯಲ್ಲಿ ಒಣಮೀನು ಹರವುತ್ತಿದ್ದ ಕೈ ನಿಲ್ಲಿಸಿದರು. ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ನಿಂತೇ ಇದ್ದೆ. ಆಮೇಲೆ ಕೇಳಿದರು: "ಮಗಿಗೆ ಆ ಜ್ವರ ಬಿಡ್ತಾ?" ಬಿಟ್ಟಿತು ಎಂದೆ. "ಹಂಗಾರೆ ಅವಂಗೆ ಮನೆಗೆ ಬರೂಕೆ ಹೇಳು. ನಾನು ಹೇಳಿದ್ದೆ ಅಂತ ಬರಿ" ಎಂದರು. ಬರೆದಿದ್ದೇನೆ.