ಗಿರಣಿ ಗೋಡೆಯ ಡಬ್ಬಿ

ಮಾರ್ಚ್ 4, ಭಾನುವಾರ. ಬೆಳಿಗ್ಗೆ 7

ಬೂಟಿನ ಲೇಸು ಕಟ್ಟಿದೆ. ಬಿಚ್ಚಿದೆ. ಮತ್ತೆ ಕಟ್ಟಿದೆ. ಹೊರಡುವುದಾದರೂ ಎಲ್ಲಿಗೆ? ದಾರಿ ತೋರಿಸುವ ಹಳದಿ ಜಿಪಿಎಸ್ ಇರುವುದು ಷಡ್ಡಕರ ಮನೆಯಲ್ಲಿ.

ನಾವಿಬ್ಬರು ಅಕ್ಕತಂಗಿಯರನ್ನು ಮದುವೆಯಾದವರು. ನನ್ನವಳು ಹೋದ ಮೇಲೆ ನನ್ನ ಭಾನುವಾರಗಳನ್ನು ತುಂಬಿದವರು ಅವರೇ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ, ಜಾಗದ ಅಕ್ಷಾಂಶ-ರೇಖಾಂಶದ ಅಂಕಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ನಾವು ಹುಡುಕಿಕೊಂಡು ಹೋಗುತ್ತೇವೆ. ಅಂಕಿ, ಯಂತ್ರ ಅವರ ಪಾಲು. ಪೊದೆಗೆ, ಬಿಲಕ್ಕೆ ಕೈ ಹಾಕುವುದು ನನ್ನ ಪಾಲು.

ಜನವರಿಯಿಂದ ಮಾತಿಲ್ಲ.

ನಾನೇ ಒಂದು ಡಬ್ಬಿ ಮಾಡಿದ್ದೆ. ಜೀವಮಾನವೆಲ್ಲ ಪುಸ್ತಕ ಬೈಂಡು ಮಾಡಿದ ಕೈ — ದಪ್ಪ ರಟ್ಟು, ರೆಕ್ಸಿನ್ ಹೊದಿಕೆ, ಥೇಟ್ ಪುಸ್ತಕದ ಹಾಗೆ ಬೆನ್ನು. ಮುಚ್ಚಿಹೋದ ಗಿರಣಿಯ ಉದ್ದ ಗೋಡೆಯ ಬುಡದಲ್ಲಿ, ಸಡಿಲ ಇಟ್ಟಿಗೆಯ ಹಿಂದೆ ಇಟ್ಟೆ. ಏನೋ ನೆಪ ಹೇಳಿ ಅವರ ಯಂತ್ರ ಇಸಕೊಂಡು ಅಂಕಿ ಗುರುತು ಹಾಕಿಕೊಂಡೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ನಾನೇ ಒಂದೊಂದು ಕೀ ಹುಡುಕಿ ಒತ್ತಿ ವೆಬ್‌ಸೈಟಿಗೆ ಹಾಕಿದೆ. ಮೊದಲು ಅವರ ಕೈಗೇ ಸಿಗಲಿ ಅಂತ ಆಸೆ.

ಎರಡು ಸಲ ಹೋಗಿ ಬಂದು, “ಅಲ್ಲಿ ಏನೂ ಇಲ್ಲಾರೀ” ಅಂದರು. ನಾನು ಹೋಗಿ ನೋಡಿದರೆ ಇಟ್ಟದ್ದು ಇಟ್ಟ ಹಾಗೇ ಇದೆ. ಊಟಕ್ಕೆ ಕೂತಾಗ, ನಾದಿನಿಯ ಎದುರಿಗೇ ಅಂದುಬಿಟ್ಟೆ: “ನೀವು ಹೋಗೇ ಇಲ್ಲ. ಮನೇಲಿ ಕೂತ್ಕೊಂಡು ಸುಳ್ಳು ಹೇಳ್ತಿದೀರ.”

ಅವರು ಅರ್ಧ ಊಟದಲ್ಲೇ ಎದ್ದರು.

ಲೇಸು ಬಿಚ್ಚಿದೆ.

ಮಾರ್ಚ್ 6, ಮಂಗಳವಾರ

ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿದ್ದೆ. ಅಂಗೈಯಗಲದ ಪುಟ್ಟ ಕಂಪ್ಯೂಟರು, ಆರ್ಗನೈಸರ್ ಅಂತೆ; ಒಳಗೇ ಜಿಪಿಎಸ್. ಅಂಗಡಿಯಾಕೆಯ ಪಾಠಪುಸ್ತಕಗಳಿಗೆಲ್ಲ ಒಂದು ಕಾಲದಲ್ಲಿ ರಟ್ಟು ಹಾಕಿದವನು ನಾನೇ. ಸಲುಗೆ ಜಾಸ್ತಿ.

“ಡಬ್ಬಿ ಸಿಕ್ಕಿದ್ರೆ ಏನ್ ಮಾಡ್ತೀರಿ ಅಂಕಲ್?”

“ಒಳಗಿರೋ ಚೀಟೀಲಿ ಹೆಸರು ಬರೆದು ಮತ್ತೆ ಅಲ್ಲೇ ಇಟ್ಟು ಬರ್ತೀವಿ.”

“ಮನೆಗೆ ಏನೂ ತರಲ್ಲ?”

“ಕಾಲುನೋವು ತರ್ತೀವಿ.”

ಬಿದ್ದು ಬಿದ್ದು ನಕ್ಕಳು. ಪ್ರದರ್ಶನಕ್ಕಿಟ್ಟಿದ್ದ ಪೀಸನ್ನೇ ತೆಗೆದುಕೊಟ್ಟಳು. “ತಿಂಗಳ ಕೊನೆವರೆಗೂ ಓಡಾಡಿ ನೋಡಿ. ಹಿಡಿಸಿದ್ರೆ ಹೊಸದು ತರಿಸಿ ಕೊಡ್ತೀನಿ. ಒಬ್ರೇ ಹೋಗೋರಿಗೆ ಇದೇ ವಾಸಿ.”

ಒಬ್ಬರೇ ಹೋಗೋರಿಗೆ. ಆ ಮಾತು ದಾರಿಯುದ್ದಕ್ಕೂ ಜೊತೆಗೆ ಬಂತು.

ಮಾರ್ಚ್ 7, ಬುಧವಾರ

ತೂಗಿ ನೋಡುತ್ತಿದ್ದೇನೆ. ಡಬ್ಬಿಯ ಅಂಕಿ, ಸುಳಿವು, ನಕ್ಷೆ, ಎಲ್ಲ ಇದರೊಳಗೇ. ಕಾಗದದ ಕಂತೆ ಹೊರಬೇಕಿಲ್ಲ. ಅಕ್ಷರ ದೊಡ್ಡದು ಮಾಡಬಹುದು. ಅದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಬಿಸಿಲಿಗೆ ಹಿಡಿದರೆ ಸ್ಕ್ರೀನಿನಲ್ಲಿ ಕಾಣುವುದು ನನ್ನ ಮೂಗೇ. ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಮಧ್ಯಾಹ್ನಕ್ಕೆ ಉಸಿರು ಬಿಡುತ್ತದೆ. ಸ್ಕ್ರೀನು ಒತ್ತುವ ಕಡ್ಡಿ ಆಗಲೇ ಸೋಫಾದ ಸಂದಿಗೆ ಬಿದ್ದು ಸಿಕ್ಕಿತು. ಸ್ಯಾಟಲೈಟು ಹಿಡಿಯಲು ಟೆರೇಸಿನ ಮೇಲೆ ಮುಖ ಮೇಲೆ ಮಾಡಿ ನಿಂತಿದ್ದೆ; ಎದುರುಮನೆಯಾಕೆ ತಾನೂ ಆಕಾಶ ನೋಡಿದಳು.

ಇದರಲ್ಲೊಂದು ಹೆಣ್ಣುದನಿ ಇದೆ. “ಎಡಕ್ಕೆ ತಿರುಗಿ” ಅನ್ನುತ್ತದೆ. “ಆಯ್ತಮ್ಮ” ಅಂದೆ. ಅಂದಮೇಲೆ ಹೊಳೆಯಿತು — ಈ ಮನೆಯಲ್ಲಿ ಇವತ್ತು ನಾನು ಆಡಿದ ಮೊದಲ ಮಾತು ಅದು.

ಮಾರ್ಚ್ 9, ಶುಕ್ರವಾರ

ನಾದಿನಿಯ ಫೋನು. ದನಿ ಸಣ್ಣದಾಗಿತ್ತು.

“ಭಾವ, ನಿಜ ಹೇಳಿ. ಆ ಡಬ್ಬಿ ಅಲ್ಲಿದ್ಯಾ?”

“ಕಣ್ಣಾರೆ ನೋಡಿದೀನಮ್ಮ.”

“ಹಾಗಾದ್ರೆ ಇವರು ಹೇಳೋದೇ ಸರಿ ಇರ್ಬೇಕು. ಕಣ್ಣಿನ ಡಾಕ್ಟ್ರು ಏನೂ ಇಲ್ಲ ಅಂದ್ರು. ಇವರು ನಂಬ್ತಿಲ್ಲ. ‘ಬೈಂಡರ್ ಇಟ್ಟಿದೀನಿ ಅಂದ್ಮೇಲೆ ಇಟ್ಟೇ ಇರ್ತಾರೆ. ಎದುರಿಗಿದ್ದದ್ದು ನನಗೆ ಕಾಣ್ಲಿಲ್ಲ ಅಂದ್ರೆ ತಲೆ ಹೋಗ್ತಿದೆ ಅಂತ್ಲೇ ಅರ್ಥ’ ಅಂತಾರೆ. ಸ್ಕೂಟರ್ ಕೀ ನನ್ನ ಕೈಗೆ ಕೊಟ್ಬಿಟ್ಟಿದಾರೆ. ಹಾಲು ತರೋಕೂ ಒಬ್ರೇ ಹೋಗಲ್ಲ ಭಾವ.”

ಫೋನು ಇಟ್ಟೆ.

ಅವರು ಸುಳ್ಳು ಹೇಳಿದರು ಅಂತ ನಾನು ಮುನಿಸಿಕೊಂಡು ಕೂತಿದ್ದೆ. ಅವರು ನನ್ನ ಮಾತನ್ನೇ ನಂಬಿ ತಮ್ಮನ್ನು ತಾವು ನಂಬುವುದನ್ನು ಬಿಟ್ಟಿದ್ದಾರೆ. ಲಾಂಚ್ ನಡೆಸಿದ ಮನುಷ್ಯ. ಮಂಜು ಕವಿದಾಗಲೂ ಜನರನ್ನು ದಡ ಸೇರಿಸಿದವರು.

ಆದರೂ ಡಬ್ಬಿ ಅಲ್ಲಿದೆಯಲ್ಲ… ಇದೆಯಲ್ಲ!

ಮಾರ್ಚ್ 11, ಭಾನುವಾರ. ಸಂಜೆ

ಹೊಸ ಯಂತ್ರದೊಂದಿಗೆ ಮೊದಲ ಸಲ ಒಬ್ಬನೇ. ಬಸ್ ಡಿಪೋದ ಹಿಂದೆ, ನೀರಿನ ಟ್ಯಾಂಕಿನ ಕಾಲಿಗೆ ಅಂಟಿಸಿದ ಕ್ಯಾಮೆರಾ ಫಿಲ್ಮಿನ ಪುಟ್ಟ ಡಬ್ಬಿ. ಬಾಣದ ಗುರುತು ನೆಟ್ಟಗೆ ಕರೆದುಕೊಂಡು ಹೋಯಿತು. ಸಿಕ್ಕೇಬಿಟ್ಟಿತು.

“ಸಿಕ್ತೂ!” ಅಂತ ಕೂಗಿದೆ. ತಿರುಗಿ ನೋಡಿದೆ. ಬಸ್ಸು ತೊಳೆಯುತ್ತಿದ್ದವನೊಬ್ಬ ಪೈಪು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

ಚೀಟಿಯಲ್ಲಿ ಕೈ ತಾನಾಗಿ ಇಬ್ಬರ ಹೆಸರೂ ಬರೆಯಿತು. ಹೊಡೆದುಹಾಕಲು ಮನಸ್ಸಾಗಲಿಲ್ಲ.

ಮಾರ್ಚ್ 12, ಸೋಮವಾರ

ಯಂತ್ರಕ್ಕೊಂದು ಪರೀಕ್ಷೆ ಇಟ್ಟೆ. ನನ್ನ ಡಬ್ಬಿಯ ಅಂಕಿಯನ್ನೇ, ವೆಬ್‌ಸೈಟಿನಲ್ಲಿ ಇರುವ ಹಾಗೇ, ಕೊಟ್ಟೆ. ಜಾಗ ನನಗೆ ಗೊತ್ತಲ್ಲ, ಇದಕ್ಕೆ ಗೊತ್ತಾಗುತ್ತದೋ ನೋಡೋಣ ಅಂತ.

ಗೋಡೆಯ ಗುಂಟ ನಡೆಸಿತು. ಡಬ್ಬಿಯ ಜಾಗ ಇನ್ನೂ ಅಷ್ಟು ದೂರ ಇರುವಾಗಲೇ, ಮೋರಿಯ ಹತ್ತಿರ, “ತಲುಪಿದ್ದೀರಿ” ಅಂದಿತು. “ತಲುಪಿದ್ದು ನಿನ್ನ ತಲೆ” ಅಂದೆ. ಪಳಗದ ಎತ್ತಿನ ಹಾಗೆ ಎತ್ತೆತ್ತಲೋ ಎಳೆಯುವ ಈ ಯಂತ್ರ ಬೇಡವೇ ಬೇಡ, ಅಂಗಡಿಗೆ ವಾಪಸ್ — ಹೀಗೆ ಬಯ್ಯುತ್ತ ಗೋಡೆಯ ಕಡೆ ನೋಡಿದೆ.

ಇಟ್ಟಿಗೆಗಳ ಮೇಲೆ ಸೀಮೆಸುಣ್ಣದ ಗೀಟು. ನೋಡಿ ಮುಗಿಸಿದ ಕಲ್ಲಿಗೆ, ಕಂಬಕ್ಕೆ ಗೀಟು ಹಾಕುವುದು ಷಡ್ಡಕರ ಅಭ್ಯಾಸ. ಬುಡದ ಸಾಲಿಗೆಲ್ಲ ಬಿಳಿ ಗೀಟು. ಅದರ ಮೇಲಿನ ಸಾಲಿಗೂ. ಆಮೇಲೆ ಅದೇ ಇಟ್ಟಿಗೆಗಳ ಮೇಲೆ ಇನ್ನೊಮ್ಮೆ, ನೀಲಿ. ಕೆಲವನ್ನು ಬಿಡಿಸಿ ನೋಡಿ ಹಾಗೇ ಜೋಡಿಸಿಟ್ಟಿದ್ದಾರೆ. ಕೆಳಗೆ ಸವೆದು ಬಿದ್ದ ನೀಲಿ ಸೀಮೆಸುಣ್ಣದ ಚೂರು.

ಬಂದಿದ್ದರು. ಎರಡು ಸಲ. ಒಂದು ಇಟ್ಟಿಗೆಯನ್ನೂ ಬಿಡದೆ.

ಆದರೆ ಇಲ್ಲೇಕೆ?

ಮಾರ್ಚ್ 13, ಮಂಗಳವಾರ

ಅಂಗಡಿಯಾಕೆ ಎರಡು ನಿಮಿಷದಲ್ಲಿ ಹೇಳಿದಳು.

“ಅಂಕಲ್, ಇದನ್ನ ಹಳೇ ಯಂತ್ರದಲ್ಲಿ ನೋಡಿ ಬರ್ಕೊಂಡ್ರಾ? ಅದರಲ್ಲಿ ಕೊನೇ ಅಂಕಿ ಸೆಕೆಂಡು. ಅರವತ್ತಕ್ಕೆ ಒಂದು ನಿಮಿಷ. ವೆಬ್‌ಸೈಟು ಕೇಳೋದು ದಶಾಂಶ. ನೀವು ಸೆಕೆಂಡನ್ನೇ ಪಾಯಿಂಟ್ ಆದ್ಮೇಲೆ ಹಾಕಿದೀರ. ನಾಲ್ಕೂವರೆ ಗಂಟೇನ ನಾಲ್ಕು ಪಾಯಿಂಟ್ ಮೂರು ಅಂತ ಬರೆದ ಹಾಗೆ.”

ಷಡ್ಡಕರು ಲಾಂಚಿನ ಕಾಲದಿಂದಲೂ ಸೆಕೆಂಡಿನಲ್ಲೇ ನೋಡುವವರು. ಪ್ರತಿ ಸಲ ಮನಸ್ಸಿನಲ್ಲೇ ಬದಲಾಯಿಸಿಕೊಳ್ಳುತ್ತಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ. ಅಂಕಿ ನನ್ನ ಪಾಲಲ್ಲವಲ್ಲ.

“ಹಾಗಾದ್ರೆ ಯಂತ್ರ ಸರಿಯಾಗಿದೆ?”

“ಯಂತ್ರ ಸರಿಯಾಗೇ ಇದೆ ಅಂಕಲ್” ಅಂದಳು. ಉಳಿದದ್ದನ್ನು ಹೇಳಲಿಲ್ಲ. ಒಳ್ಳೆಯ ಹುಡುಗಿ.

ಮಾರ್ಚ್ 22, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಫೋನ್ ಮಾಡಿದೆ. ಅವರೇ ಎತ್ತಿದರು. “ಹಲೋ… ಯಾರು?” ಆ ‘ಯಾರು’ ಎಷ್ಟು ಮುದಿಯಾಗಿದೆ. ಇಟ್ಟುಬಿಟ್ಟೆ.

ಹೇಡಿ. ಸುಳ್ಳುಗಾರ ಅನ್ನುವಾಗ ನಾಲಿಗೆ ತಡವರಿಸಲಿಲ್ಲ. ನಾನು ಬಾಯಿ ಮುಚ್ಚಿಕೊಂಡ ಒಂದೊಂದು ದಿನವೂ ಅವರು ಆ ಕುರ್ಚಿಯಲ್ಲಿ ಕೂತು ತಮ್ಮ ತಲೆಯನ್ನೇ ಅನುಮಾನಿಸುತ್ತಿದ್ದಾರೆ. ಅಂದದ್ದು ಎದುರಿಗೆ. ಹೇಳುವುದೂ ಎದುರಿಗೇ ಆಗಲಿ. ಭಾನುವಾರ.

ಮಾರ್ಚ್ 25, ಭಾನುವಾರ. ಬೆಳಿಗ್ಗೆ 9. ಗಿರಣಿ ಗೋಡೆ

ಮೋರಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಬಾಯಿ ಬಿಡುತ್ತೇನೆ ಅಂತ ಭಯ.

“ಬೂಟು ಹಾಕಿ, ಬನ್ನಿ” ಅಂದೆ, ಬಾಗಿಲಲ್ಲೇ.

“ನಾನ್ ಬಂದು ಏನ್ ಪ್ರಯೋಜನಾರೀ? ನನಗೆ ಕಾಣಲ್ಲ.”

“ಹೋಗಿ ಬನ್ನೀಂದ್ರೆ!” ಅಂದಳು ನಾದಿನಿ. “ಆ ಕುರ್ಚೀನ ಯಾರೂ ಕದಿಯಲ್ಲ.”

ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಂಡರು. ಯಾವತ್ತೂ ಹಿಡಿದವರಲ್ಲ.

ಗೀಟು ಹಾಕಿದ ಇಟ್ಟಿಗೆಗಳ ಎದುರಿಗೆ ನಿಲ್ಲಿಸಿ ಎಲ್ಲ ಹೇಳಿದೆ. ಸೆಕೆಂಡು, ದಶಾಂಶ, ನಾನು ಒತ್ತಿದ ಕೀ, ನಾನಾಡಿದ ಮಾತು. ಕೇಳಿದರು. ಗೋಡೆ ನೋಡಿದರು.

“ಅಂದ್ರೆ ಇಲ್ಲಿ ಡಬ್ಬಿ ಇರ್ಲೇ ಇಲ್ಲ.”

“ಯಾವತ್ತೂ ಇರ್ಲಿಲ್ಲ.”

“ನಾನ್ ಸರಿಯಾಗೇ ನೋಡಿದ್ದೆ.”

“ಸರಿಯಾಗೇ ನೋಡಿದ್ರಿ. ಸರಿಯಾಗೇ ಹೇಳಿದ್ರಿ. ನಾನೇ…”

ಕೈ ಎತ್ತಿ ಸುಮ್ಮನಿರಿಸಿದರು. ಆ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿತ್ತು. ನಾನು ಮೋರಿಯ ನೀರು ನೋಡಿದೆ.

ಆಮೇಲೆ ಮೂಗು ಒರೆಸಿಕೊಂಡು ತಿರುಗಿದರು. “ಬೈಂಡರ್ ಸಾಹೇಬ್ರೇ, ಇಡೀ ಪುಸ್ತಕ ತಲೆಕೆಳಗಾಗಿ ಬೈಂಡ್ ಮಾಡಿ, ಓದೋಕೆ ಬರಲ್ಲ ಅಂತ ನನಗೆ ಬೈದ್ರಲ್ರೀ!”

ಜೇಬಿನಿಂದ ಯಂತ್ರ ತೆಗೆಯಹೋದೆ.

“ಒಳಗಿಡಿ ಅದನ್ನ. ಕೊಳ್ಳೋದಾದ್ರೆ ಕೊಳ್ಳಿ. ಅಂಕಿ ಹಾಕೋನು ಮಾತ್ರ ನಾನು.” ಕಣ್ಣು ಮುಚ್ಚಿ ತುಟಿ ಆಡಿಸಿದರು. ಏನೋ ಕೂಡಿದರು, ಭಾಗಿಸಿದರು. “ಹ್ಞೂಂ. ಉತ್ತರಕ್ಕೆ, ಗೋಡೆಗುಂಟ. ನೀವು ಇಲ್ಲೇ ಕೂತ್ಕೊಳ್ಳಿ. ಎಲ್ಲಿ ಅಂತ ಬಾಯ್ಬಿಟ್ರೋ, ನೋಡಿ ಮತ್ತೆ!”

ಹೊರಟರು. ಯಾರ ತೋಳೂ ಇಲ್ಲದೆ. ಹೆಜ್ಜೆ ಅಳೆಯುತ್ತಿದ್ದಾರೆ.

ಬಗ್ಗಿದರು. ಅಲ್ಲ, ಅದಲ್ಲ, ಇನ್ನೂ ಚೂರು ಮುಂದೆ… ಕೆಮ್ಮಲೂ ಬಾರದು. ಎದ್ದರು. ಹಿಂದಕ್ಕೆ ಬರುತ್ತಿದ್ದಾರೆಯೇ? ಇಲ್ಲ. ನಿಂತು ಆಕಾಶ ನೋಡಿದರು, ಗೋಡೆ ನೋಡಿದರು. ಮುಂದಕ್ಕೇ ಹೊರಟರು.

ಅಗೋ. ನಿಂತರು. ಮಂಡಿಯೂರಿದರು. ಆ ಸಡಿಲ ಇಟ್ಟಿಗೆಗೇ ಕೈ —