ಬಿಸಿ ತಾಗದ ಕೈ

ಜೂನ್ 6, ಶುಕ್ರವಾರ

ಟಾರ್ಚಿಗೆ ಹೊಸ ಸೆಲ್ ಹಾಕಿಸಿಕೊಂಡೆ. ಬಾಲ್ಕನಿ ಮೂರನೇ ಸಾಲಿನ ಮುರಿದ ಸೀಟು ಇನ್ನೂ ಹಾಗೇ ಇದೆ. ಯಾರೂ ಕೂರದಂತೆ ದಾರ ಕಟ್ಟಿದೆ.

ಹೊಸ ಸಿನಿಮಾ ಬಂತು. ಕನಸಿನದು. ಮ್ಯಾನೇಜರ್ ಕೈಗೊಂದು ನೋಟ್‌ಬುಕ್ ಕೊಟ್ಟರು. ಶೋ ಬಿಟ್ಟಾಗ ಬಾಗಿಲಲ್ಲಿ ನಿಂತು ಜನ ಏನಂತಾರೆ ಬರೆದುಕೊಳ್ಳಬೇಕಂತೆ, ಸಿನಿಮಾದವರಿಗೆ ಬೇಕಂತೆ. ಟಿಕೆಟ್ ಹರಿಯುವವಳಿಗೆ ಬಡ್ತಿ!

ಕಥೆ ಇಷ್ಟು. ಒಬ್ಬ ಡಾಕ್ಟರು ಯಂತ್ರ ಹಾಕಿಕೊಂಡು ಬೇರೆಯವರ ಕನಸಿನೊಳಗೆ ಹೋಗುತ್ತಾನೆ, ಕಳೆದುಹೋದ ಮಗಳನ್ನು ಹುಡುಕಿಕೊಂಡು. ಕೊನೆಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಅವನಿಗೇ ತಿಳಿಯುವುದಿಲ್ಲ. ತಿಳಿಯಲು ಒಂದೇ ದಾರಿ — ಕನಸಿನಲ್ಲಿ ಬಿಸಿ ತಾಗುವುದಿಲ್ಲ. ಹೊರಗೆ ಬರಲೂ ಒಂದೇ ದಾರಿ — ಕನಸು ಎಲ್ಲಿ ಶುರುವಾಯಿತೋ ಅಲ್ಲಿಗೇ ಹೋಗಿ ಮಲಗಿ ಕಣ್ಣು ಮುಚ್ಚಬೇಕು. ಕೊನೆಯಲ್ಲಿ ಕುದಿಯುವ ನೀರಿಗೆ ಕೈ ಹಾಕುತ್ತಾನೆ. ಮುಖ ಕಾಣಿಸುವ ಮೊದಲೇ ಪರದೆ ಕಪ್ಪು.

‘ಮುಗೀತಾ?’ ಅಂದವರು ಹದಿನೇಳು ಮಂದಿ. ನಿದ್ದೆ ಹೋಗಿದ್ದವರು ನಾಲ್ವರು. ಚೆನ್ನಾಗಿ ಅರ್ಥವಾಯಿತು ಅಂದವರೂ ಅವರೇ. ಒಬ್ಬ ಯಜಮಾನರು ಮೆಟ್ಟಿಲು ಇಳಿಯುವವರೆಗೂ ಹೆಂಡತಿಗೆ ಬಿಡಿಸಿ ಹೇಳಿದರು. ನೀವು ಸುಮ್ಮನಿದ್ದರೆ ಅರ್ಥವಾಗುತ್ತೆ ಅಂದಳು ಆಕೆ. ಎಲ್ಲ ಬರೆದುಕೊಂಡೆ.

ಜೂನ್ 8, ಭಾನುವಾರ

ಹೌಸ್‌ಫುಲ್. ಶೋ ಬಿಟ್ಟ ಮೇಲೆ ಜನ ಕ್ಯಾಂಟೀನಿಗೆ ನುಗ್ಗಿ ಟೀ ಡ್ರಮ್ಮು ಮುಟ್ಟಿ ನೋಡುತ್ತಿದ್ದಾರೆ. ಬಿಸಿ ತಾಗಿದರೆ ಕೂಗು, ನಗು. ಕ್ಯಾಂಟೀನ್ ಅಕ್ಕ ಸೌಟು ಹಿಡಿದು ಕಾವಲು ನಿಂತಿದ್ದಾಳೆ.

ಎಲ್ಲರೂ ನಗುವುದಿಲ್ಲ. ಒಬ್ಬ ಹೆಂಗಸು ಕೈತೊಳೆಯುವಲ್ಲಿ ಕನ್ನಡಿ ನೋಡುತ್ತ ನಿಂತುಬಿಟ್ಟಿದ್ದಳು. ವಯಸ್ಸಾದ ಮೇಷ್ಟ್ರೊಬ್ಬರು ನನ್ನ ಮುಂದೆ ನಿಂತು, ಒಳಗೆ ಹೋಗುವಾಗ ಟಿಕೆಟ್ ಹರಿದವಳು ನೀನೇ ಏನಮ್ಮ, ಮುಖಕ್ಕೆ ಟಾರ್ಚ್ ಹಾಕಿಕೋ ಅಂದರು. ಹಾಕಿಕೊಂಡೆ. ತುಂಬ ಹೊತ್ತು ನೋಡಿದರು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಅಣ್ಣನಿಗೊಂದು ಪಾಸು ಕೇಳಿ ಇಸಿದುಕೊಂಡೆ.

ಜೂನ್ 11, ಬುಧವಾರ

ಅಣ್ಣ ಮಾರ್ನಿಂಗ್ ಶೋಗೆ ಬಂದ. ಅವನದು ಹೋಟೆಲ್ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಇಪ್ಪತ್ತೆರಡು ವರ್ಷದಿಂದ. ಅಲ್ಲಿ ಅವನ ಅಡ್ಡಹೆಸರು ಗರಿಗರಿ. ಅತ್ತಿಗೆ ಹೋಗಿ ಹನ್ನೊಂದು ತಿಂಗಳಾಯಿತು. ಹೊರವರ್ತುಲ ರಸ್ತೆಯ ತಿರುವಿನಲ್ಲಿ ಸ್ಕೂಟರಿಗೆ ಲಾರಿ ಹೊಡೆಯಿತು. ಓಡಿಸುತ್ತಿದ್ದವನು ಇವನು. ಇವನಿಗೆ ಮೊಣಕಾಲು ತರಚಿತ್ತು, ಅಷ್ಟೇ. ಅಂದಿನಿಂದ ಕೆಲಸ, ಮನೆ, ಗೋಡೆ. ಸಿನಿಮಾ ನೋಡಿದರೆ ಸ್ವಲ್ಪ ಹಗುರಾದಾನು ಅಂದುಕೊಂಡಿದ್ದೆ.

ಎಲ್ಲರೂ ಎದ್ದು ಹೋದರೂ ಏಳಲಿಲ್ಲ. ಕಸ ಗುಡಿಸುವವಳು ಕಾಲೆತ್ತಿ ಅಂದಳು, ಎತ್ತಲಿಲ್ಲ. ನಾನೇ ಹೋಗಿ ಎಬ್ಬಿಸಿದೆ. ನಾಳೆಗೂ ಪಾಸು ಸಿಗುತ್ತಾ ಅಂತ ಕೇಳಿದ.

ಜೂನ್ 14, ಶನಿವಾರ

ನಾಲ್ಕು ಸಲ ನೋಡಿದ. ದಿನಾ ಅದೇ ಸೀಟು.

ಇವತ್ತು ನೋಟ್‌ಬುಕ್ ಹಿಡಿದು ತಮಾಷೆಗೆ ಅವನನ್ನೂ ಕೇಳಿದೆ — ಸಾರ್, ಸಿನಿಮಾ ಹೇಗಿತ್ತು?

“ನಿಜ ಅಂತ ಬರ್ಕೋ,” ಅಂದ.

ಬರೆದುಕೊಳ್ಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಜೂನ್ 15, ಬೆಳಿಗ್ಗೆ 7

ಟೀ ಕುದಿಯುತ್ತಿತ್ತು. ಅಣ್ಣ ಬಂದು ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿದ. ಎರಡೂ ಅಂಗೈಯಲ್ಲಿ. ಅವಸರವಿಲ್ಲದೆ ಕೆಳಗಿಟ್ಟ. ಚರ್ಮ ಸುಟ್ಟ ವಾಸನೆ.

“ಬಿಸಿನೇ ಇಲ್ಲ ಕಣೇ,” ಅಂದ.

ನಕ್ಕ. ಹನ್ನೊಂದು ತಿಂಗಳಲ್ಲಿ ಮೊದಲ ನಗು. ಸುಟ್ಟ ಕೈಗಿಂತ ಆ ನಗುವಿಗೇ ಹೆದರಿದೆ.

ಡಾಕ್ಟರ ಹತ್ತಿರ ಹೋಗೋಣ ಅಂತ ಗೋಗರೆದೆ. ಕನಸಿನ ಡಾಕ್ಟರು ಕನಸಿನ ಮಾತೇ ತಾನೇ ಹೇಳೋದು ಅಂದ. ಸಿನಿಮಾದಲ್ಲೂ ಈ ಮಾತಿಗೆ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಪಾಸು ತಂದವಳು ನಾನು.

ಜೂನ್ 17, ಮಂಗಳವಾರ

ಲಾಂಡ್ರಿ ಸೂಪರ್‌ವೈಸರ್ ಫೋನ್ ಮಾಡಿದರು. ಕಾದ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಅಂಗೈ ಒತ್ತಿ ಹಿಡಿದು ನಿಂತಿದ್ದನಂತೆ. ಮನೆಗೆ ಕಳಿಸಿದ್ದಾರೆ. ಮುಲಾಮು ಹಚ್ಚಿ ಬಟ್ಟೆ ಸುತ್ತಿದೆ. ಹಚ್ಚುವಾಗಲೂ ಉಸ್ಸೆನ್ನಲಿಲ್ಲ.

ಸಂಜೆ ತಾನಾಗಿ ಬಾಯಿಬಿಟ್ಟ. ಲಾರಿ ಬಂದು ಹೊಡೆದದ್ದಲ್ಲವಂತೆ. ಇವನೇ ಲಾರಿಯ ದಾರಿಗೆ ಹೋಗಿದ್ದು.

“ಅವತ್ತು ಗಾಡಿ ಓಡಿಸ್ತಾ ಒಂದ್ ಕ್ಷಣ ಕಣ್ಣು ಮುಚ್ಚಿಹೋಯ್ತು. ಮತ್ತೆ ತೆರೆದಿದ್ದೇ ನೆನಪಿಲ್ಲ ನಂಗೆ.”

ನಿಧಾನವಾಗಿ ಅರ್ಥವಾಯಿತು. ಅವನ ಲೆಕ್ಕದಲ್ಲಿ ಅವನಿನ್ನೂ ಸ್ಕೂಟರ್ ಮೇಲೇ ಇದ್ದಾನೆ. ಹಿಂದೆ ಅತ್ತಿಗೆ ಕೂತಿದ್ದಾಳೆ. ನಡುವಿನದೆಲ್ಲ — ಆಸ್ಪತ್ರೆ, ಚಟ್ಟ, ಹನ್ನೊಂದು ತಿಂಗಳು, ನಾನು — ಆ ಒಂದು ಕ್ಷಣದ ನಿದ್ದೆ. ಎಚ್ಚರವಾದರೆ ಅವಳು ಬದುಕಿರುತ್ತಾಳೆ.

ಎಚ್ಚರವಾಗಬೇಕಾದರೆ ಕನಸು ಶುರುವಾದ ಜಾಗಕ್ಕೆ ಹೋಗಬೇಕು. ಹೋಗಿ ಮಲಗಬೇಕು. ಆ ಜಾಗ ಯಾವುದು ಅಂತ ಬರೆಯಲೂ ಭಯವಾಗುತ್ತಿದೆ.

ಜೂನ್ 18, ಬುಧವಾರ

ರಜೆ ಕೊಡಲಿಲ್ಲ. ಪಕ್ಕದ ಮನೆ ಟೈಲರಮ್ಮನಿಗೆ ಒಂದು ಕಣ್ಣಿಟ್ಟಿರಿ ಅಂದೆ. ಎಲ್ಲಿಗೂ ಹೋಗುವುದಿಲ್ಲ ಅಂತ ಅಣ್ಣನ ಕೈಯಲ್ಲಿ ಮಾತು ತೆಗೆದುಕೊಂಡೆ. ಆಯ್ತು ಅಂದ. ಕೇಳಿ ಮುಗಿಸುವ ಮೊದಲೇ ಆಯ್ತು ಅಂದುಬಿಟ್ಟ...

ಜೂನ್ 23, ಸೋಮವಾರ

ಈಗ ಬರೆಯಲು ಆಗುತ್ತಿದೆ.

ಗುರುವಾರ ಮ್ಯಾಟಿನಿ ಇಂಟರ್‌ವಲ್‌ನಲ್ಲಿ ಟೈಲರಮ್ಮನ ಫೋನ್. ಬಿಳಿ ಅಂಗಿ ಹಾಕಿಕೊಂಡು ಹೊರಟ, ಕರೆದರೂ ತಿರುಗಲಿಲ್ಲ ಅಂದರು. ಟಾರ್ಚ್ ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ಆಟೋ ಹಿಡಿದೆ. ದಾರಿಯುದ್ದಕ್ಕೂ ಬೇಗ ಬೇಗ ಅಂತಲೇ ಇದ್ದೆನಂತೆ. ಆಟೋದವರು ಆಮೇಲೆ ಹೇಳಿದರು.

ಪೆಟ್ರೋಲ್ ಬಂಕ್ ದಾಟಿದ ಮೇಲೆ, ಲಾರಿ ಹೊಡೆದ ಅದೇ ತಿರುವು. ಸುಡುಬಿಸಿಲು. ರಸ್ತೆಯ ನಡುವೆ ಅಣ್ಣ ಮಗ್ಗುಲಾಗಿ ಮಲಗಿದ್ದ. ಮಗು ಮಲಗಿದ ಹಾಗೆ, ಕೆನ್ನೆ ಡಾಂಬರಿಗೆ ಆನಿಸಿ. ವಾಹನಗಳು ಕೂಗಿಕೊಂಡು ಅಕ್ಕಪಕ್ಕ ಸರಿದು ಹೋಗುತ್ತಿದ್ದವು. ಒಬ್ಬ ಟೆಂಪೋದವನು ಮಾತ್ರ ಗಾಡಿಯನ್ನು ಅಡ್ಡ ನಿಲ್ಲಿಸಿ ಕೈ ಬೀಸುತ್ತಿದ್ದ. ಆ ಪುಣ್ಯಾತ್ಮನ ಮುಖವೂ ನೋಡಲಿಲ್ಲ ನಾನು.

ಹೋಗಿ ಪಕ್ಕದಲ್ಲಿ ಮಂಡಿಯೂರಿದೆ. ಡಾಂಬರಿಗೆ ಮಂಡಿ ಚುರ್ರೆಂದಿತು. ತೋಳು ಹಿಡಿದು ಎಳೆದೆ, ಕಲ್ಲಿನ ಹಾಗಿದ್ದ.

“ಸದ್ದು ಮಾಡ್ಬೇಡ,” ಅಂದ, ಕಣ್ಣು ತೆರೆಯದೆ. “ಇನ್ನೇನು ಎದ್ಬಿಡ್ತೀನಿ. ಅವಳು ಹಿಂದೆನೇ ಕೂತಿದಾಳೆ.”

ತಿರುವಿನಾಚೆ ಯಾವುದೋ ದೊಡ್ಡ ಗಾಡಿಯ ಹಾರ್ನ್. ಬಾಯಿಗೆ ಬಂದದ್ದು ಹೇಳಿದೆ.

“ನೀನು ಎದ್ರೆ ನಾನೇನಾಗ್ತೀನಣ್ಣ? ನಾನಿಲ್ಲಿ ಇದೀನಲ್ಲ.”

ಹಾರ್ನ್ ಹತ್ತಿರವಾಯಿತು. ಅವನ ರೆಪ್ಪೆ ಅಲುಗಿತು. ಕಣ್ಣು ತೆರೆದು ನನ್ನನ್ನಲ್ಲ, ರಸ್ತೆಯನ್ನು ನೋಡಿದ.

“ಕೆನ್ನೆ ಸುಡ್ತಿದೆ ಕಣೇ,” ಅಂದ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಧ್ವನಿ.

ಟೆಂಪೋದವನೂ ನಾನೂ ಸೇರಿ ಎತ್ತಿದೆವು. ಲಾರಿ ಟೆಂಪೋದ ಹಿಂದೆ ಕಿರ್ರೆಂದು ನಿಂತಿತು.

ಜೂನ್ 26, ಗುರುವಾರ

ಡಾಕ್ಟರು ಎರಡು ದಿನ ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ. ಎಷ್ಟು ವರ್ಷದಿಂದಲೋ, ಯಾರೂ ನೋಡಿಸಿಲ್ಲ. ಕೈಕಾಲಿನ ನರ ಸತ್ತಿದೆ, ಅದಕ್ಕೇ ಬಿಸಿ ತಿಳಿಯುವುದಿಲ್ಲ. ಮುಖದ ನರ ಚೆನ್ನಾಗಿದೆ. ಅಂಗೈಗೆ ಸೂಜಿ ಚುಚ್ಚಿದರು, ಗೊತ್ತಾಗಲಿಲ್ಲ. ಕೆನ್ನೆಗೆ ತಾಗಿಸಿದರು, ಬೆಚ್ಚಿದ. ಮನಸ್ಸಿನ ಡಾಕ್ಟರಿಗೂ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಸೋಮವಾರ ಹೋಗಬೇಕು.

ನನಗೆ ಹೋದ ಜೀವ ಬಂದ ಹಾಗಾಯಿತು. ಅದಕ್ಕೊಂದು ಹೆಸರಿದೆ, ಮಾತ್ರೆಯಿದೆ! ಬಸ್ಸಿನಲ್ಲಿ ವಟವಟ ಅಂತ ಮಾತಾಡುತ್ತಲೇ ಇದ್ದೆ. ಅಣ್ಣ ಕಿಟಕಿ ಕಡೆ ನೋಡುತ್ತಿದ್ದ.

“ಹಾಗಾದ್ರೆ ಇದೇ ಎಚ್ಚರನಾ?”

ಹೂಂ ಅಣ್ಣ ಅಂದೆ, ಖುಷಿಯಲ್ಲೇ.

“ಹಾಗಾದ್ರೆ ನಾನು ಕಣ್ಣು ಮುಚ್ಚಿದ್ದೂ ನಿಜ.”

ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆವು.

ಜೂನ್ 27, ಶುಕ್ರವಾರ, ಸಂಜೆ 6

ಸಿನಿಮಾ ಎತ್ತಿದರು. ನೋಟ್‌ಬುಕ್ ವಾಪಸ್ ಕೊಟ್ಟೆ. ಒಟ್ಟಾರೆ ಏನಂದರು ಜನ, ಅಂತ ಮ್ಯಾನೇಜರ್ ಕೇಳಿದರು. ಚೆನ್ನಾಗಿದೆ ಅಂದರು ಅಂದೆ.

ಅಣ್ಣ ಬಚ್ಚಲಲ್ಲಿದ್ದಾನೆ. ಹೋಗಿ ಬಹಳ ಹೊತ್ತಾಯಿತು. ಚಿಲಕ ಹಾಕಬೇಡ ಅಂದಿದ್ದೆ, ಹಾಕಿಕೊಂಡಿದ್ದಾನೆ. ನಲ್ಲಿ ಜೋರಾಗಿ ಬಿಟ್ಟಿದ್ದಾನೆ. ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು. ಅಳುತ್ತಿದ್ದಾನೆ. ಅತ್ತಿಗೆಯನ್ನು ಮಣ್ಣು ಮಾಡಿ ಬಂದ ದಿನವೂ ಅತ್ತಿರಲಿಲ್ಲ.

ಬಾಗಿಲ ಪಕ್ಕ ನೆಲದಲ್ಲಿ ಕೂತು ಬರೆಯುತ್ತಿದ್ದೇನೆ. ಅಳಲಿ. ಆ ಸದ್ದು ಕೇಳಿಸುವವರೆಗೂ ಭಯವಿಲ್ಲ.

ನಲ್ಲಿ ನಿಲ್ಲಿಸಿದ.

ಅಳುವೂ ಕೇಳಿಸುತ್ತಿಲ್ಲ. ಎರಡು ಸಲ ಕರೆದೆ...

ಚಿಲಕ ಅಲುಗುತ್ತಿದೆ. ಸುಟ್ಟ ಕೈ, ತೆಗೆಯಲು ಬರುತ್ತಿಲ್ಲ. ನನ್ನನ್ನೇ ಕೂಗುತ್ತಿದ್ದಾನೆ, ಬಂದೆ ಅಣ್ಣ, ಬಾಗಿಲು ಒಂದ್ ಸಲ ಒಳಗೆ ಎಳ್ಕೋ, ಚಿಲಕ ಸಡಿಲಾಗುತ್ತೆ.