ಸ್ನಾನ ಒಲ್ಲದ ಅಮ್ಮ, ಉಳಿದ ಒಂದು ಪೊಟ್ಟಣ

ಮಾವಾ,

ನೀವು ಬಾಯ್ತುಂಬ ಕನ್ನಡ ಆಡುತ್ತಿದ್ದಿರಿ, ಆದರೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಪತ್ರಿಕೆಯ ಹಾಸ್ಯ ಅಂಕಣದಲ್ಲಿ ನಿಮ್ಮನ್ನು ಹುರಿದು ಉಪ್ಪು ಹಚ್ಚಿ ಬಡಿಸಿದೆ. ನಿಮ್ಮ ಒಂದೂವರೆ ಹುಬ್ಬಿನ ಮೇಲೆ ಒಂದು, ನಿಮ್ಮ ಡ್ರಮ್ಮಿನ ದೇವತೆಯ ಮೇಲೆ ಎರಡು. ಈಗ ನೀವಿರುವ ಕಡೆ ಎಲ್ಲ ಲಿಪಿಯೂ ತಾನಾಗಿ ತಿಳಿಯುತ್ತದಂತೆ. ಹಾಗಾದರೆ ಹಳೆಯ ಸಂಚಿಕೆಗಳು ಕೈಗೆ ಸಿಗುವ ಮೊದಲೇ ಇದನ್ನು ಓದಿಬಿಡಿ. ತಪ್ಪೊಪ್ಪಿಗೆ ಇದೆ. ನಿಮ್ಮ ಆ ಡ್ರಮ್ಮಿನ ಅಮ್ಮನಿಗೆ ನೀರು ಹಾಕಿದವನು ನಾನೇ.

ತಿರುಪ್ಪೂರಿನ ಆಚೆಗಿರುವ ನಮ್ಮ ಸಾಯಪಟ್ಟರೆಗೆ, ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಆ ತಗಡಿನ ಸಾಮ್ರಾಜ್ಯಕ್ಕೆ, ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಿದೆಯೆ? ಅಲ್ಲಿ ನೀವು ಡೈಯಿಂಗ್ ಮಾಸ್ಟರ್, ನಾನು ನಿಮ್ಮ ತಂಗಿಯ ಮಗ, ನಿಮ್ಮ ಬಾಯಲ್ಲಿ ಮಾಪ್ಳೆ, ಎಂಬ ಒಂದೇ ಅರ್ಹತೆಯ ಗುಮಾಸ್ತ. ಕೈತೊಳೆದು ಬಂದವನನ್ನು ಸ್ಟೋರಿನ ಬಾಗಿಲಲ್ಲೇ ತಡೆದು ಟವೆಲ್ ಎಸೆದಿರಿ. ಒಳಗೆ ಹಲಗೆಯ ಗಾಡಿಯ ಮೇಲೆ ಒಂದು ಕಬ್ಬಿಣದ ಡ್ರಮ್ಮು. ಅದರಲ್ಲಿ ಬಟ್ಟೆಯ ಬಣ್ಣ ಕಳೆಯುವ ಹೈಡ್ರೋಸ್ ಎಂಬ ಬಿಳಿಯ ಪುಡಿ. ಡ್ರಮ್ಮಿನ ಹಣೆಗೆ ಕುಂಕುಮ, ಸುತ್ತ ವಿಭೂತಿಯ ಗೆರೆ.

"ಒದ್ದೆ ಕೈಲಿ ಮುಟ್ಬೇಡ್ರಾ ಮಾಪ್ಳೆ. ಈ ಅಮ್ಮನಿಗೆ ಸ್ನಾನ ಮಾಡ್ದೋರ್ನ ಕಂಡ್ರೆ ಆಗಲ್ಲ."

ಲೋಕದ ದೇವತೆಗಳೆಲ್ಲ ಮಿಂದು ಬನ್ನಿ ಎಂದರೆ ಇವಳು ಒಣಗಿ ಬನ್ನಿ ಎನ್ನುತ್ತಾಳಲ್ಲ ಎಂದು ಆ ವಾರವೇ ಅಂಕಣ ಬರೆದೆ. ಓದುಗರು ನಕ್ಕರು. ನಿಮಗೆ ಓದಿ ಹೇಳುವವರು ಯಾರೂ ಇರಲಿಲ್ಲ, ಪುಣ್ಯಕ್ಕೆ.

ಆಮೇಲೆ ನಿಮ್ಮ ಶಾಸ್ತ್ರಗಳು ಒಂದೊಂದಾಗಿ ಕಾಣತೊಡಗಿದವು. ಬ್ಲೀಚಿನ ಕ್ಯಾನೂ ಆಸಿಡ್ಡಿನ ಕ್ಯಾನೂ ಮಾತು ಬಿಟ್ಟ ಷಡ್ಡಕರು, ಒಂದೇ ಪಂಕ್ತಿಯಲ್ಲಿ ಕೂರಿಸಬಾರದು. ಖಾಲಿಯಾದ ನೀಲಿ ಡ್ರಮ್ಮಿನ ತಳಕ್ಕೆ ಗಡಾರಿಯಿಂದ ತೂತು ಹೊಡೆದೇ ಹೊರಗೆ ಕಳಿಸಬೇಕು. ನಮ್ಮ ಮನೆಯಿರುವ ಪೆರಿಯನಾಯಕನಪಾಳ್ಯದಲ್ಲಿ ಬೀದಿಗೆಲ್ಲ ನೀರಿನ ತಾಪತ್ರಯ, ಒಂದು ಡ್ರಮ್ಮು ಕೊಡಣ್ಣಾ ಎಂದು ನನ್ನ ಅಮ್ಮ ಎಷ್ಟು ಕೇಳಿದಳು? ಒಡಹುಟ್ಟಿದವಳಿಗೆ ಡ್ರಮ್ಮು ಕೊಡುವ ಬದಲು ತೂತು ಹೊಡೆಯುವವನು ಎಂದು ಅವಳು ಒಂದು ದೀಪಾವಳಿಯಿಡೀ ನಿಮ್ಮ ಜೊತೆ ಮಾತೇ ಆಡಲಿಲ್ಲ. ನೀವು ಮಾತ್ರ ಎರಡು ಸಲ ಪಾಯಸ ಹಾಕಿಸಿಕೊಂಡು...

ಅಮಾವಾಸ್ಯೆಯ ಸುಂಡಲ್, ಆ ಕಡಲೆ ಉಸಲಿಯ ಪ್ರಸಾದ, ಅಂತೂ ನಿಮ್ಮ ರಾಜ್ಯಭಾರದ ಶಿಖರ. ಹೊತ್ತುಗೊತ್ತಿಲ್ಲದೆ ನೀವು ಕಬ್ಬಿಣದ ತುಂಡು ಬಾರಿಸಿದರೆ, ಎಲ್ಲರೂ ಮೆಷಿನ್ ಆರಿಸಿ ಅಂಗಳದ ಬೇವಿನ ಮರದ ಕೆಳಗೆ ಓಡಬೇಕು. ಆರಿಸದೆ ಬಂದವರಿಗೆ ಸುಂಡಲ್ ಇಲ್ಲ. ಕೊಂಬೆಯ ತುದಿಯಲ್ಲಿ ಹಳದಿ ಬಟ್ಟೆ, ಅದು ಅಮ್ಮನ ಸೆರಗು. ಸೆರಗು ಹಾರುವ ದಿಕ್ಕಿಗೆ ನಿಲ್ಲಬಾರದು, ತಾಗಿದರೆ ದೋಷ. ನಮ್ಮ ಬಳಗದ ರಂಗಮ್ಮಕ್ಕ, ನಿಮ್ಮಷ್ಟೇ ಹಳೆಯ ಆಳು, ಅವತ್ತು ಕೆಲಸಕ್ಕೆ ಬಂದವರ ಲೆಕ್ಕಕ್ಕೆ ಸರಿಯಾಗಿ ಪೊಟ್ಟಣ ಕಟ್ಟಿರುತ್ತಿದ್ದಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎರಡನೆಯ ಪೊಟ್ಟಣ ಕೇಳಿದ ನನಗೆ ನೀವು ಕೊಟ್ಟ ನೋಟ ಇನ್ನೂ ಬೆನ್ನಿನ ಮೇಲಿದೆ. ಕಡಲೆಕಾಳಿಗೂ ಇಷ್ಟು ಜಿಪುಣತನವೇ ಎಂದುಕೊಂಡೆ.

ಈ ಸಲ ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಊಟದ ತಟ್ಟೆಯ ಮುಂದೆಯೇ ಎದೆ ಹಿಡಿದುಕೊಂಡು ಹೊರಟುಬಿಟ್ಟಿರಿ. ಸ್ಟೋರಿನ ಬೀಗದಕೈ ನನ್ನ ಸೊಂಟಕ್ಕೆ ಬಂತು. ನೀವಿಲ್ಲದ ಮೊದಲ ಆಯುಧಪೂಜೆ. ಮೆಷಿನ್‌ಗಳಿಗೆಲ್ಲ ಚಂದನ ಹಚ್ಚಿ ಅಮ್ಮನ ಮುಂದೆ ನಿಂತೆ. ಇಷ್ಟು ವರ್ಷ ಇವಳಿಗೆ ಒಂದು ಅಭಿಷೇಕವೂ ಆಗಿಲ್ಲವಲ್ಲ, ಮಾವನ ಆತ್ಮಕ್ಕಾದರೂ ತಂಪಾಗಲಿ... ಒಂದು ಚೆಂಬು ಅರಿಶಿನದ ನೀರು ತಲೆಯ ಮೇಲೆ ಸುರಿದೆ. ಬೆಳಿಗ್ಗೆ ಪುಡಿ ತೂಗಿದವರು ಮುಚ್ಚಳದ ಪಟ್ಟಿ ಬಿಗಿದಿರಲಿಲ್ಲ. ನಾನು ನೋಡಿರಲಿಲ್ಲ. ಭಕ್ತಿಯಲ್ಲಿ ಕಣ್ಣು ಮುಚ್ಚಿದ್ದೆ.

ಕುಂಕುಮದ ತಟ್ಟೆ ಹಿಡಿದು ಮುಂದಿನ ಕೋಣೆ ಸೇರುವಷ್ಟರಲ್ಲಿ ಬೆಂಕಿಕಡ್ಡಿಯ ಕಟ್ಟನ್ನೇ ಒಮ್ಮೆಗೆ ಗೀರಿದ ವಾಸನೆ ಬಂತು. ತಿರುಗಿ ನೋಡಿದರೆ ಮುಚ್ಚಳದ ಸಂದಿಯಿಂದ ಬಿಳಿ ಹೊಗೆ. ನಾನೇನು ಮಾಡಿದೆ ಗೊತ್ತೆ? ಬಕೆಟ್ಟಿನಲ್ಲಿ ನೀರು ತಂದೆ. ಎತ್ತಿಯೂ ಆಗಿತ್ತು. ಹಿಂಬಾಗಿಲಲ್ಲಿ ನಿಂತ ರಂಗಮ್ಮಕ್ಕ ಎಲ್ಲರಿಗೂ ತಿಳಿಯಲೆಂದು ಮೊದಲು ತಮಿಳಿನಲ್ಲಿ, ಆಮೇಲೆ ನನಗೆ ಕನ್ನಡದಲ್ಲಿ ಕೂಗಿದಳು.

"ತಣ್ಣಿ ಊತ್ತಾದೀಂಗ. ಅಮ್ಮನಿಗೆ ಕೋಪ ಬಂದೈತೆ, ನೀರು ಹಾಕ್ಬೇಡ."

ಕೂಗಿದವಳೇ ಕಬ್ಬಿಣದ ತುಂಡು ಬಾರಿಸಿದಳು. ನಾನು ಬಕೆಟ್ಟನ್ನು ಅಲ್ಲೇ ಇಳಿಸಿ ಸುತ್ತಿಕೊಂಡು ಹಿಂಬಾಗಿಲಿಗೆ ಓಡಿದೆ. ಗಾಡಿಗೆ ಕಟ್ಟಿದ್ದ ಉದ್ದನೆಯ ಹಗ್ಗದ ಇನ್ನೊಂದು ತುದಿಯನ್ನು ನೀವು ಹಿಂಬಾಗಿಲ ಹೊರಗಿನ ಮೊಳೆಗೆ ಸುತ್ತಿಡುತ್ತಿದ್ದಿರಲ್ಲ, ದೇವಿಯ ಜಡೆ ಎಂದು ನಾನು ಹಾಸ್ಯ ಮಾಡಿದ್ದ ಹಗ್ಗ, ಅದನ್ನು ಅವಳೂ ನಾನೂ ಹೊರಗಿನಿಂದಲೇ ಎಳೆದೆವು. ಅಮ್ಮ ಹೊಗೆಯಾಡುತ್ತ ಗಾಡಿಯೇರಿ ಬಯಲಿಗೆ ಬಂದಳು. ಎಲ್ಲರೂ ಬೇವಿನ ಕೆಳಗೆ, ಸೆರಗು ಹಾರುವ ದಿಕ್ಕು ಬಿಟ್ಟು. ರಂಗಮ್ಮಕ್ಕ ಪೂಜೆಯ ಕಡಲೆಪುರಿಯ ಪೊಟ್ಟಣ ಹಂಚತೊಡಗಿದಳು. ಇಂಥ ಹೊತ್ತಿನಲ್ಲಿ ಪುರಿಯೇ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಬುಟ್ಟಿ ತೋರಿಸಿದಳು.

ಒಂದು ಪೊಟ್ಟಣ ಉಳಿದಿತ್ತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಿನ್ನಪ್ಪನ್ ಇರಲಿಲ್ಲ, ಬಾಯ್ಲರಿನ ಚಿನ್ನಪ್ಪನ್. ಹೊಗೆ ಇನ್ನೂ ತುಂಬಿದ್ದ ಸ್ಟೋರಿಗೆ ಅಂಟಿದ ಗೋಡೌನಿನಲ್ಲಿ, ಬಟ್ಟೆಯ ಮೂಟೆಗಳ ಹಿಂದೆ, ಹಬ್ಬದ ನಿದ್ದೆ. ಗಾಳಿ ಬರುವ ಕಡೆಯ ಬಾಗಿಲಿನಿಂದ ಇಬ್ಬರು ನುಗ್ಗಿ ಎಳೆತಂದರು. ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತ ಕುಳಿತವನು ಮೊದಲು ಕೇಳಿದ್ದು ತನ್ನ ಪೊಟ್ಟಣವನ್ನು. ಇನ್ನು ಸ್ವಲ್ಪ ತಡವಾಗಿದ್ದರೆ, ಮಾವಾ... ಅಗ್ನಿಶಾಮಕದವರು ಬಂದು ಒಣ ಮರಳು ಸುರಿಯುವವರೆಗೂ ನಾನು ಆ ಖಾಲಿ ಬುಟ್ಟಿಯನ್ನೇ ನೋಡುತ್ತಿದ್ದೆ.

ಪಟ್ಟರೆಯ ಒಡೆಯ, ನಮ್ಮ ಮುದಲಾಳಿ, ಹೆದರಿ ಪೀಳಮೇಡಿನಿಂದ ರಾಸಾಯನಿಕ ಸುರಕ್ಷತೆಯ ತರಬೇತಿ ಕೊಡುವ ರೇವತಿ ಮೇಡಂ ಎಂಬವರನ್ನು ಕರೆಸಿದರು. ಮೂರು ದಿನದ ಪಾಠ. ಹೈಡ್ರೋಸ್‌ಗೆ ಒಂದು ಚೆಂಬು ನೀರು ಸಾಕು, ತಾನೇ ಕಾದು ಹೊತ್ತಿಕೊಳ್ಳುತ್ತದೆ ಎಂದಾಗ ನಾನು ಕುರ್ಚಿಯಲ್ಲಿ ಅರ್ಧ ಕೆಳಗಿಳಿದೆ. ಬ್ಲೀಚಿಗೆ ಆಸಿಡ್ ಸೇರಿದರೆ ವಿಷದ ಗಾಳಿ ಎಂದರು, ಷಡ್ಡಕರು ನೆನಪಾದರು. ರಾಸಾಯನಿಕದ ಖಾಲಿ ಡ್ರಮ್ಮೂ ಅಪಾಯದ ತ್ಯಾಜ್ಯವೇ, ಎಷ್ಟು ತೊಳೆದರೂ ಅದರಲ್ಲಿ ಕುಡಿಯುವ ನೀರು ತುಂಬಬಾರದು ಎಂದರು, ನನ್ನ ಅಮ್ಮನ ಆ ದೀಪಾವಳಿ ನೆನಪಾಯಿತು. ಅಂಗಳಕ್ಕೆ ಹೋಗಿ ಹಳದಿ ಬಟ್ಟೆಯ ಕೆಳಗೆ ನಿಂತ ಮೇಡಂ ಬಹಳ ಹೊತ್ತು ತಲೆಯೆತ್ತಿಯೇ ಇದ್ದರು. ದೊಡ್ಡ ಕಾರ್ಖಾನೆಗಳಲ್ಲಿ ಗಾಳಿಯ ದಿಕ್ಕು ತಿಳಿಯಲೆಂದು ಕಟ್ಟುವ ಚೀಲದ ಕೆಲಸವನ್ನೇ ಇದು ಮಾಡುತ್ತದಂತೆ. ಇದನ್ನೆಲ್ಲ ಮಾಡಿದವರು ಯಾವ ಕಾಲೇಜಿನವರು ಎಂದು ಕೇಳಿದರು. ತಮಿಳು ಶಾಲೆಯ ಮೂರನೇ ಕ್ಲಾಸು, ಆಮೇಲೆ ಮಗ್ಗದ ಗುಂಡಿ ಎಂದೆ. ಅವರು ನಗಲಿಲ್ಲ. ಆದರೆ ಒಂದು ಮಾತು ಸೇರಿಸಿದರು. ಎಲ್ಲ ಹೇಳಿಕೊಟ್ಟವರು ಕಾರಣ ಒಂದನ್ನು ಯಾಕೆ ಹೇಳಲಿಲ್ಲ?

ಆ ಸಂಜೆ ರಂಗಮ್ಮಕ್ಕನನ್ನು ಕೇಳಿದೆ. ನಿಮ್ಮ ಹರೆಯದ ದಿನಗಳಲ್ಲಿ, ಬೇರೊಂದು ಪಟ್ಟರೆಯಲ್ಲಿ, ಹೊಗೆಯಾಡಿದ ಹೈಡ್ರೋಸ್ ಡ್ರಮ್ಮಿಗೆ ನಿಮ್ಮ ಗೆಳೆಯನೊಬ್ಬ ಮಗ್ಗಿನಲ್ಲಿ ನೀರು ಹಾಕಿದ್ದನಂತೆ. ಅವನು ಉಳಿಯಲಿಲ್ಲ. ಪಕ್ಕದಲ್ಲಿದ್ದ ನಿಮ್ಮ ಅರ್ಧ ಹುಬ್ಬು ಮತ್ತೆ ಬೆಳೆಯಲಿಲ್ಲ.

"ಮೊದ್ಲು ನಿನ್ ಮಾವ ಕೆಮಿಕಲ್ಲು ಅಂತಾನೇ ಹೇಳ್ದ ಕಣಪ್ಪ. ಯಾರೂ ಕೇಳ್ಲಿಲ್ಲ. ಅಮ್ಮ ಅಂದ. ಎಲ್ಲಾರೂ ಕೇಳಿದ್ರು."

ಆ ಹುಬ್ಬಿನ ಮೇಲೆ ನಾನು ಪೂರಾ ಒಂದು ಪುಟ ಬರೆದು ಊರನ್ನೆಲ್ಲ ನಗಿಸಿದ್ದೆ. ನಿಮ್ಮ ಮುಖದ ಮೇಲೇ ಬರೆದಿದ್ದ ಪಾಠ ಅದು. ಅಕ್ಷರ ಬಲ್ಲ ನಾನು ಓದಲಿಲ್ಲ, ಮಾವಾ. ಇನ್ನು ನಿಮ್ಮನ್ನು ಓದುಬರಹ ಬಾರದವರೆಂದು ಯಾವ ಬಾಯಲ್ಲಿ ಹೇಳಲಿ?

ನೀವು ಕೇಳದೆ ಹೋದ ಸುದ್ದಿ ಇದು. ಹೊಸಬರು ಸೇರಿದಾಗೆಲ್ಲ ಪಾಠ ಹೇಳುವ ಕೆಲಸ ಈಗ ನನ್ನದು. ಹೊಸ ಡ್ರಮ್ಮಿನ ಮೇಲೆ ಬೆಂಕಿಯ ಚಿತ್ರದ ಚೀಟಿ ಬಂದಿದೆ, ಅದರ ಪಕ್ಕದಲ್ಲೇ ಕುಂಕುಮವೂ ಇದೆ. ಅಮ್ಮ ಎನ್ನುತ್ತೇನೆ, ಕೂಡಲೇ ಯಾಕೆ ಎಂಬುದನ್ನೂ ಹೇಳುತ್ತೇನೆ, ನೀರು ಹಾಕಿದ ಪೆದ್ದ ಯಾರೆಂಬುದನ್ನೂ. ಎಲ್ಲರೂ ನಗುತ್ತಾರೆ, ಮರೆಯುವುದಿಲ್ಲ. ಮುಂದಿನ ಅಮಾವಾಸ್ಯೆಗೆ ನಿಮ್ಮ ಹೆಸರಿನಲ್ಲಿ ಒಂದು ಪೊಟ್ಟಣ ಹೆಚ್ಚು ಕಟ್ಟು ಎಂದು ರಂಗಮ್ಮಕ್ಕನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಬುಟ್ಟಿಯಲ್ಲಿ ಒಂದು ಉಳಿದರೆ ಒಬ್ಬರನ್ನು ಹುಡುಕಬೇಕು, ನಿನ್ನ ಮಾವನನ್ನು ಎಲ್ಲಿ ಅಂತ ಹುಡುಕೋದು ಎಂದಳು. ನೀವಾದರೂ ಅದನ್ನೇ ಅನ್ನುತ್ತಿದ್ದಿರಿ.

ಅದಕ್ಕೇ ನನ್ನ ಪೊಟ್ಟಣದಲ್ಲೇ ಅರ್ಧ ನಿಮಗೆ. ಬೇವಿನ ಬುಡದಲ್ಲಿ ಇಡುತ್ತೇನೆ. ಕೈ ಒರೆಸಿಕೊಂಡು.

ನಿಮ್ಮ ಮಾಪ್ಳೆ